ಎರಡ ಟಾಕಾ ಮುಂದ

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟಿ ಇತ್ತು. ಎರಡೂ ಕಿವಿಯಾಗ ಒಂದೇ ನಮೂನಿ ಸಣ್ಣ ಝುಮಕಿ ಹಾಕತಿದ್ರು. ಬಲಗಡೆದು ಮಾತಿಗೊಮ್ಮೆ ಜೋತಾಡತಿತ್ತು, ಎಡಗಡೆದು ಕುತಗಿಗೆ ಅಂಟಿಕೊಂಡ ಸುಮ್ಮ ಕೂಡತಿತ್ತು. ಮೂವತ್ತ ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಾಗ ಆ ಕಿವಿಗೆ ಹೆಡ್‌ಫೋನ್ ಬಿಗದ, ಮಂದಿ ಟ್ರಂಕ್‌ಕಾಲ್ ಜೋಡಿಸಿಕೋತ ಕೂತದ್ದಕ್ಕ ಹಂಗಾಗಿತ್ತು. ಅವರು ರಿಟಾಯರ್ ಆಗೂ ಮುಂದ ನಾ ಹೇಳಿದ್ದೆ, "ಬಾಯಾರ, ಆ ಕಿವಿ ಸರಕಾರದ್ದು. ವಾಪಸ್ ಕೊಟ್ಟ ಬರಬೇಕಾಗತದ ನೋಡ್ರಿ." ಅವರು ತಲಿ ಎತ್ತದೇ ಅಂದಿದ್ರು, "ಕೊಡತೇನಿ. ಜೋಡಿ ನಿನ್ನ ನಾಲಗಿನೂ ಕೊಟ್ಟ ಬರತೇನಿ, ವಾಡೆಕ್ಕೆಲ್ಲಾ ಆರಾಮಾಗತದ."

ಎಲ್ಲಾರೂ ಅವರಿಗೆ ಆಪರೇಟರ್ ಬಾಯಾರು ಅಂತಿದ್ರು, ನಾನೂ ಹಂಗ ಅಂತಿದ್ದೆ. ಪುಣೆದ ಸದಾಶಿವ ಪೇಠಿನಾಗ ಕಟಗಿ ಗ್ಯಾಲರಿ ಇದ್ದ ಹಳೆ ವಾಡೆ ನಮ್ಮದು. ಎರಡನೇ ಮಜಲಿನ್ಯಾಗ ನಮ್ಮ ಬಾಗಲಾ, ಬಾಜೂಕ ಅವರ ಬಾಗಲಾ. ಅವರು ಧಾರವಾಡದವರು, ನಾವು ಗದಗಿನ ಕಡೆಯವರು. ಬಾಯಾರದು ಲಗ್ನ ಆಗಿರಲಿಲ್ಲ. ಬೆಳಗಾವಿಯೊಳಗ ಒಬ್ಬ ತಮ್ಮ ಇದ್ದ. ತಾಯೀನ ಕಡೀತನಕ ಇದೇ ಖೋಲಿಯೊಳಗ ತಾವೇ ಜ್ವಾಕಿ ಮಾಡಿದ್ರಂತ, ನಾವು ಆ ವಾಡೆಕ್ಕ ಬರೂದಕ್ಕಿಂತ ಮೊದಲ. ಆ ವಿಷಯ ಅವರಾಗೇ ಎಂದೂ ತಗೀತಿರಲಿಲ್ಲ.

ನಾನು ಪಿಂಪರಿ ಕಡೆ ಒಂದ ಕಾರಖಾನಿಯೊಳಗ ಸ್ಟೋರ್ ಕ್ಲಾರ್ಕ್ ಇದ್ದೆ. ಕೆಲಸಾ ಹೆಂಗ ಮಾಡತಿದ್ದೆ ಅಂತ ಕೇಳಬ್ಯಾಡ್ರಿ, ಚೇಷ್ಟೆ ಮಾತ್ರ ನನ್ನಂಗ ಯಾರೂ ಮಾಡತಿರಲಿಲ್ಲ. ಲೋಣಾವಳಾ ಚಿಕ್ಕಿ ಡಬ್ಬಿಯೊಳಗ ಹಂಚಿನ ಚೂರ ಜೋಡಿಸಿ ಸಾಹೇಬ್ರಿಗೆ ಕೊಟ್ಟಾಂವ ನಾನು. ಅವರು ಒಂದ ಕಡದೂ ನೋಡಿದ್ರು. ನಲವತ್ತ ದಾಟಿದ ಮ್ಯಾಲೂ ನನ್ನ ಕೈಯಾಗ ಸಿಗದ ಉಳದ ಮನುಷ್ಯಾ ಪುಣೆದಾಗ ಒಬ್ಬರೇ, ಬಾಯಾರು.

ಅವರಿಗೆ ಧ್ವನಿ ಗುರ್ತ ಹಿಡಿಯೂ ವಿದ್ಯಾ ಇತ್ತು. ಒಮ್ಮೆ ಕೆಳಗಿನ ಎಸ್‌ಟಿಡಿ ಬೂತಿನಿಂದ ಮೂಗ ಹಿಡಕೊಂಡು ಅವರ ಮನಿಗೆ ಫೋನ್ ಮಾಡಿದೆ. "ಹ್ಯಾಲೋ, ಜೇಜುರೀಹೂನ ಖಂಡೋಬಾ ಬೋಲತೋಯ" ಅಂದೆ, ಜೇಜುರಿಯಿಂದ ಖಂಡೋಬಾ ದೇವರೇ ಮಾತಾಡಿದಂಗ, ಮರಾಠಿಯೊಳಗ, ಭಾಳ ಗಂಭೀರ. ಆ ಕಡೆಯಿಂದ ಒಂದ ಕ್ಷಣಾನೂ ತಡಾ ಆಗಲಿಲ್ಲ. "ಖಂಡೋಬಾ, ಮೂಗ ಬಿಟ್ಟ ಮೊದಲ ಉಸರಾಡು. ಆಮ್ಯಾಲ ಬರೋ ಮುಂದ ಎರಡ ಸಿವುಡ ಕೊತ್ತಂಬರಿ ತಗೊಂಡ ಬಾ." ಕೊತ್ತಂಬರಿ ತಗೊಂಡ ಮ್ಯಾಲ ಹೋದೆ. ಬೂತಿನಾಂವ ಇನ್ನೂ ನಗಲಿಕ್ಕೆ ಹತ್ತಿದ್ದ.

ಹಿಂಗ ಎಷ್ಟೋ ಸರ್ತಿ. ಮಾತಾಡಿದ್ರ ಸಾಕು, ಸಿಗತಿದ್ದೆ. ನನಗದು ಮನಸಿಗೆ ಹತ್ತಿತ್ತು.

ಅವರು ರಿಟಾಯರ್ ಆದಾಗ ಎಕ್ಸ್‌ಚೇಂಜಿನಾಗ ಎಲ್ಲಾ ಗುಂಡಿ ಒತ್ತೂ ಫೋನ್ ಬಂದಿದ್ವು. ಹಳೇ ಕರೇ ಫೋನು, ಆ ಬೊಟ್ಟ ಹಾಕಿ ಗರಗರ ತಿರಗಸೂ ಡಯಲಿನವು, ಮೂಲ್ಯಾಗ ರಾಶಿ ಬಿದ್ದಿದ್ವಂತ. "ಹೆಣಾ ಒಟ್ಟಿದಂಗ ಒಟ್ಟಿದ್ರೋ" ಅಂದ್ರು ಒಮ್ಮೆ. ಅದಾದ ಮ್ಯಾಲ ಅವರು ಕ್ರೋಶಾ ಸೂಜಿ ಹಿಡದ್ರು. ಉಳದ ಹೆಣ್ಣಮಕ್ಕಳಂಗ ತೋರಣಾ, ಟೇಬಲ್ ಕ್ಲಾಥ್ ಅಲ್ಲ. ಕರೇ ದಾರದಾಗ ಅಂಗೈಯಗಲದ ಗುಂಡ ಪಾಕೀಟ, ಥೇಟ ಫೋನಿನ ಡಯಲ್. ಬಿಳೇ ದಾರದಾಗ ಹತ್ತ ಸಣ್ಣ ಬಳಿ ಮಾಡಿ ಸುತ್ತಲೂ ಹಚ್ಚತಿದ್ರು, ಅವು ಬೊಟ್ಟ ಹಾಕೂ ತೂತು. ಒಂದರಿಂದ ಸೊನ್ನಿ ತನಕ ಕಸೂತಿಯೊಳಗ ಅಂಕಿ. ಅಂಥಾವು ಎರಡ ಗುಂಡ ಮಾಡಿ, ಒಳಗ ಬಟ್ಟಿ ಅಸ್ತರ ಹಾಕಿ, ಅಂಚಿಗುಂಟ ಅರ್ಧಾ ಸುತ್ತಿಗೆ ಚೈನ್ ಕೂಡಸತಿದ್ರು. ಚೈನ್ ಹಚ್ಚೂದು ಭಾಳ ನಾಜೂಕ ಕೆಲಸಾ. ದಾರದ ಕೆಲಸಾ ಎಳದ್ರ ಹಿಗ್ಗತದ, ಚೈನ್ ಹಿಗ್ಗೂದಿಲ್ಲ. ಒಂಚೂರ ಹೆಚ್ಚುಕಮ್ಮಿ ಆದ್ರ ಪಾಕೀಟ ಮುಖಾ ಸೊಟ್ಟ ಮಾಡಿಕೊಂಡ ಕೂಡತದ.

ಅದಕ್ಕ ಗುಂಡ ಪಕ್ಕಾ ಬರಬೇಕು. ಒಂದೊಂದ ಹೆಣಿಕೀಗೆ ಅವರು ಮರಾಠಿಯವರಂಗ ಟಾಕಾ ಅಂತಿದ್ರು. ಮೊದಲನೇ ಸುತ್ತಿಗೆ ಆರ ಟಾಕಾ, ಎರಡನೇದಕ್ಕ ಹನ್ನೆರಡು, ಮೂರನೇದಕ್ಕ ಹದಿನೆಂಟು. "ಆರೊಂದಲೆ ಆರು, ಆರೆರಡಲೆ ಹನ್ನೆರಡು" ಅಂತ ಬಾಯಾಗ ಮಗ್ಗಿ, ಕೈಯಾಗ ಸೂಜಿ. ಸುತ್ತ ಎಲ್ಲಿಂದ ಸುರು ಆತು ಅಂತ ಗೊತ್ತಾಗಲಿ ಅಂತ ಮೊದಲನೇ ಟಾಕಾಕ್ಕ ಒಂದ ಸೇಫ್ಟಿ ಪಿನ್ ಚುಚ್ಚತಿದ್ರು. ಪಿನ್ನಿನಿಂದ ಪಿನ್ನಿನ ತನಕ ಒಂದ ಸುತ್ತು. ಲೆಕ್ಕ ತಪ್ಪಿದ್ರ ಒಂದ ಟಾಕಾ ಇದ್ರೂ ಮುಲಾಜಿಲ್ಲದ ಬಿಚ್ಚತಿದ್ರು. "ರಾಂಗ್ ನಂಬರಿಗೆ ಜೋಡಿಸಿ ಕೊಡೂದು ನನ್ನ ಚಟಾ ಅಲ್ಲ" ಅಂತಿದ್ರು.

ಆ ವರ್ಷ ದೀಪಾವಳಿಗೆ ಹಳೇ ಆಪರೇಟರ್ ಹೆಣ್ಣಮಕ್ಕಳೆಲ್ಲಾ ಒಂದ ಕಡೆ ಸೇರೂದು ಅಂತ ಠರಾಸಿದ್ರು. ಇಪ್ಪತ್ತೆರಡ ಮಂದಿ. ಒಬ್ಬೊಬ್ಬರಿಗೂ ಒಂದೊಂದ ಡಯಲ್ ಪಾಕೀಟ ಕೊಡತೇನಿ, ನಡಬರಕ ಅವರವರು ಕೂಡತಿದ್ದ ಬೋರ್ಡಿನ ನಂಬರ್ ಕಸೂತಿ ಹಾಕತೇನಿ ಅಂತ ಬಾಯಾರು ಮಾತ ಕೊಟ್ಟಿದ್ರು. ಗ್ಯಾಲರಿಯೊಳಗ ಕುರ್ಚಿ ಹಾಕ್ಕೊಂಡ ದಿನಾ ಕೂಡತಿದ್ರು.

ಪಿಂಪರಿ ಕಾರಖಾನಿಗೋಳಿಗೆ ಗುರುವಾರ ಸುಟ್ಟಿ. ಊಟಾ ಮುಗಿಸಿ, ಇಡೀ ಪೇಠ ಬಾಗಲಾ ಹಾಕ್ಕೊಂಡ ಮಲಗಿದಾಗ, ನಾನೂ ಪೇಪರ್ ಹಿಡಕೊಂಡ ಅವರ ಬಾಜೂಕ ಕೂಡತಿದ್ದೆ. ಮೂರ ಗಂಟೆಕ್ಕ ಅವರು ಹೆಣಿಕೆ ಕುರ್ಚಿ ಮ್ಯಾಲಿಟ್ಟು ಇಬ್ಬರಿಗೂ ಚಹಾ ಮಾಡಲಿಕ್ಕೆ ಒಳಗ ಹೋಗತಿದ್ರು. ಒಂದ ಗುರುವಾರ ಆ ಪಿನ್ನ ನೋಡಿಕೋತ ಕೂತಾಗ ನನ್ನ ತಲ್ಯಾಗ ದೀಪಾ ಹತ್ತಿತು. ಧ್ವನಿ ಹಿಡೀತಾರ, ಖರೆ. ಪಿನ್ನಿಗೆಲ್ಲಿ ಧ್ವನಿ?

ತಗದು ಎರಡ ಟಾಕಾ ಮುಂದ ಚುಚ್ಚಿಬಿಟ್ಟೆ.

ಅವರು ಬಂದ್ರು, ಚಹಾ ಕುಡದ್ರು, ಸುತ್ತ ಮುಗಿಸಿ ಎಣಿಸಿದ್ರು. "ನಲವತ್ತೆಂಟ ಬರಬೇಕು. ಐವತ್ತ ಬರಲಿಕ್ಕೆ ಹತ್ತೇದ." ಮತ್ತ ಎಣಿಸಿದ್ರು. ಐವತ್ತು. ನಾನು ಪೇಪರ್ ಮರೀಗೆ ತುಟಿ ಕಚ್ಚಿಕೊಂಡ ಕೂತಿದ್ದೆ. "ಏನಾತ್ರಿ ಬಾಯಾರ, ಲೈನ್ ಕ್ರಾಸ್ ಆತೇನು?" ಅಂದೆ. "ಸುಮ್ಮ ಕೂಡೋ ಭಾಡ್ಯಾ, ಲೆಕ್ಕ ತಪ್ಪಸಬ್ಯಾಡ" ಅಂದ್ರು. ದಾರ ಎಳದು ಎರಡ ಸುತ್ತ ಬಿಚ್ಚಿದ್ರು.

ಹನ್ನೆರಡ ವರ್ಷದಾಗ ಮೊದಲನೇ ಸರ್ತಿ ಗೆದ್ದಿದ್ದೆ. ಆಮ್ಯಾಲ ಆರ ಗುರುವಾರ ಅದನ್ನೇ ಮಾಡಿದೆ. ಎಂದೋ ಒಂದ ದಿನಾ ದೊಡ್ಡದಾಗಿ ನಕ್ಕ ಹೇಳಿದ್ರ ಆತು, ಸೌಟ ಹಿಡಕೊಂಡ ಬೆನ್ನ ಹತ್ತತಾರ, ವಾಡೆ ಎಲ್ಲಾ ನಗತದ ಅಂತ ಲೆಕ್ಕ ಹಾಕಿದ್ದೆ. ಚೇಷ್ಟೆ ಹಣ್ಣ ಆಗೂತನಕ ಕಾಯಬೇಕು ಅನ್ನೂದು ನನ್ನ ಪದ್ಧತಿ.

ಅವರು ಮೊದಲ ಕಣ್ಣಿನ ಮ್ಯಾಲ ಸಂಶಯಾ ಪಟ್ರು. ಕರೇ ದಾರ, ಟಾಕಾ ಕಾಣಸೂದಿಲ್ಲ ಅಂತ. ಟಿಳಕ ರಸ್ತೆದ ಡಾಕ್ಟರ್ ಹತ್ರ ಹೋಗಿ ತೋರಿಸಿಕೊಂಡ ಬಂದ್ರು. "ಚಸ್ಮಾ ಬದಲಿ ಮಾಡಿದ್ರೇನ್ರಿ?" ಅಂದೆ.

"ಇಲ್ಲಪಾ. ಕಣ್ಣ ಛೊಲೋ ಅದಾವ ಅಂದ್ರು."

"ಮತ್ತ ಛೊಲೋ ಆತಲ್ರಿ."

"ಏನ ಛೊಲೋ? ಕಣ್ಣಿನಾಗ ಇಲ್ಲಂದ್ರ ಇಲ್ಲೆ ಆತಲ್ಲಾ" ಅಂತ ಹಣಿ ಮುಟ್ಟಿಕೊಂಡ್ರು. ನಗಲಿಲ್ಲ. ನಾ ನಕ್ಕೆ.

ಎರಡ ದಿನಾ ಬಿಟ್ಟು ನನ್ನ ಹೆಂಡತಿ ಅಡಗಿ ಮನ್ಯಾಗ ಸಣ್ಣ ಧ್ವನಿಲೆ ಹೇಳಿದ್ಲು, "ಬಾಯಾರಿಗೆ ಮರವು ಹತ್ತೇದಂತ್ರಿ. ಅವರ ತಾಯಿಗೆ ಹಂಗೇ ಆಗಿತ್ತಂತ. ಹೆಣಿಕೆ ಲೆಕ್ಕ ತಪ್ಪೂದರಿಂದನೇ ಅವರಿಗೂ ಸುರು ಆಗಿತ್ತಂತ. ಕಡೀಕ ಮಗಳನ್ನ ನೋಡಿ, ನೀ ಯಾರ ಮನಿಯಾಕಿ, ಹೋಗು ನಿಮ್ಮವ್ವ ಹಾದಿ ಕಾಯತಿರತಾಳ ಅಂತಿದ್ರಂತ. ಇವತ್ತ ನನ್ನ ಕೈ ಹಿಡಕೊಂಡ ಅತ್ರು."

ತಾಟಿನೊಳಗ ಭಕ್ಕರಿ ಹಂಗೇ ಉಳೀತು. ಹೊಟ್ಟಿ ಸರಿ ಇಲ್ಲ ಅಂದೆ.

ಆವತ್ತೇ ಹೋಗಿ ಹೇಳಬೇಕಿತ್ತು, ಐದ ಹೆಜ್ಜಿ ದೂರ ಬಾಗಲಾ. ಹೋದೆ ಕೂಡ. ಒಳಗ ಗ್ಯಾಸಿನ ಬಾಜೂಕ ಗ್ವಾಡಿಗೆ ಒಂದ ಚೀಟಿ ಅಂಟಿಸಿದ್ರು, ‘ಬಂದ್ ಮಾಡು’ ಅಂತ. ಬಾಗಲಾ ಹಾಕೂ ಕಡೆ ಮತ್ತೊಂದ, ‘ಕೀಲಿ’. ಮೂವತ್ತ ವರ್ಷ ಸಾವಿರ ಮಂದಿ ನಂಬರ್ ಬಾಯಾಗ ಇಟಗೊಂಡಿದ್ದ ಹೆಣ್ಣಮಗಳು. ಆ ಚೀಟಿ ನೋಡಿದ ಮ್ಯಾಲ ಇಷ್ಟ ದೂರ ಹೋಗಿದ್ದು ನನ್ನ ಕೈಯಿಂದ ಅಂತ ಹೇಳೂ ಧೈರ್ಯಾ ಆಗಲಿಲ್ಲ. "ಸಕ್ಕರಿ ಅದ ಏನ್ರಿ ಒಂದ ವಾಟಗಾ?" ಅಂತ ಕೇಳಿ ಇಸಗೊಂಡ ಬಂದೆ. ಜಗತ್ತಿಗೆಲ್ಲಾ ಟೊಪಗಿ ಹಾಕಿದ ಶೂರ ನಾನು, ಸಕ್ಕರಿ ಇಸಗೊಂಡ ಬಂದೆ.

ಪಿನ್ ಮುಟ್ಟೂದ ಬಿಟ್ಟೆ. ಆದ್ರ ಈಗ ಲೆಕ್ಕ ತಾನೇ ತಪ್ಪಲಿಕ್ಕೆ ಹತ್ತಿತು. ಎಣಿಸಿದ್ದನ್ನೇ ನಾಕ ಸರ್ತಿ ಎಣಿಸತಿದ್ರು, ನಾಕನೇ ಸರ್ತಿ ಬ್ಯಾರೇ ಬರತಿತ್ತು. ಮಗ್ಗಿ ಅಂದುಕೋತ ನಡಬರಕ ನಿಂತ ಬಿಡತಿದ್ರು. ಹದಿನಾಲ್ಕ ಪಾಕೀಟ ಆಗಿದ್ವು. ಹದಿನೈದನೇದು ಅರ್ಧಾಕ್ಕ ಬಂದಾಗ ಒಂದ ದಿನಾ ಸೂಜಿ ತಗದ ಚೀಲದಾಗಿಟ್ರು, ಹೊರಗ ತಗೀಲಿಲ್ಲ. ಗೆಳತ್ಯಾರಿಗೆ ಫೋನ್ ಮಾಡಿ, ನನಗ ಬರೂದ ಆಗೂದಿಲ್ಲ ಅಂದ್ರು. ದೀಪಾವಳಿ ಆದ ಮ್ಯಾಲ ತಮ್ಮ ಬೆಳಗಾವಿಗೆ ಬಾ ಅಂದ, ಇವರೂ ಹೂಂ ಅಂದ್ರು. "ಪೂರಾ ಕೆಡೂ ಮೊದಲ ನನ್ನವರ ಹತ್ರ ಇದ್ದ ಬಿಡತೇನಿ. ನಿಮಗ್ಯಾಕ ತ್ರಾಸು" ಅಂತ ನನ್ನ ಹೆಂಡತಿಗೆ ಹೇಳಿದ್ರಂತ.

ಸ್ವಾರಗೇಟ ಬಸ್‌ಸ್ಟ್ಯಾಂಡಿನ ತನಕ ಅವರ ಟ್ರಂಕ್ ನಾನೇ ಹೊತ್ತೆ. ಬೆಳಗಾವಿ ಬಸ್ಸು ಬಿಡಲಿಕ್ಕೆ ಅರ್ಧಾ ತಾಸ ಇತ್ತು. ಖಿಡಕಿ ಬಾಜೂಕ ನಿಂತು ಆ ಅರ್ಧಾ ತಾಸೂ ಚೇಷ್ಟೆ ಮಾತೇ ಆಡಿದೆ, ಕಂಡಕ್ಟರನ ಮೀಸಿ ಬಗ್ಗೆ, ಬಾಜೂಕ ಕೂತ ಮುದುಕನ ಗೊರಕಿ ಬಗ್ಗೆ. ಅವರು ನಕ್ರು. ಬಸ್ಸು ಹೊಂಟಾಗ ಕೈ ಹೊರಗ ಹಾಕಿ ನನ್ನ ತಲಿ ಮುಟ್ಟಿ, "ಹಿಂಗೇ ನಗಸಿಕೋತ ಇರೋ" ಅಂದ್ರು. ಆ ಕೈಯನ್ನ ಇವತ್ತಿಗೂ ನನಗ ತಡಕೊಳ್ಳಲಿಕ್ಕೆ ಆಗೂದಿಲ್ಲ.

ಎರಡ ವರ್ಷ ಬೇಕಾತು ನನಗ. ಯಾರದೋ ಲಗ್ನ ಅದ ಅಂತ ಮನ್ಯಾಗ ಸುಳ್ಳ ಹೇಳಿ ಬೆಳಗಾವಿಗೆ ಹೋದೆ. ಟಿಳಕವಾಡಿಯೊಳಗ ತಮ್ಮನ ಮನಿ, ಅಂಗಳದಾಗ ಪೇರಲ ಗಿಡ. ಬಾಯಾರು ಪಡಸಾಲ್ಯಾಗ ಕೂತಿದ್ರು, ಕೈ ಎರಡೂ ತೊಡಿ ಮ್ಯಾಲ, ಖಾಲಿ. ನನ್ನ ಹೆಂಡತಿ, ಮಕ್ಕಳು, ಕೆಳಗಿನ ಬೂತಿನಾಂವ, ಎಲ್ಲಾರ ಹೆಸರ ಹಿಡದ ವಿಚಾರಿಸಿದ್ರು. ತಮ್ಮನ ಹೆಂಡತಿ ಚಹಾ ತಂದಿಟ್ಟ ಹೋದ್ಲು. "ನಾ ಗ್ಯಾಸ್ ಮುಟ್ಟೂದಿಲ್ಲಪಾ. ಇವರೇನ ಬ್ಯಾಡಂದಿಲ್ಲ, ನಾನೇ ಬಿಟ್ಟೇನಿ" ಅಂದ್ರು.

"ಬಾಯಾರ, ಆ ಪಿನ್ನ ನಾ ಸರಸತಿದ್ದೆ" ಅಂದೆ.

"ಯಾವ ಪಿನ್ನು?"

"ನೀವು ಚಹಾಕ್ಕ ಒಳಗ ಹೋದಾಗ. ಏಳ ಗುರುವಾರ. ಎರಡ ಟಾಕಾ ಮುಂದ ಚುಚ್ಚತಿದ್ದೆ. ನಿಮ್ಮ ಲೆಕ್ಕ ತಪ್ಪಿರಲಿಲ್ರಿ. ನಿಮಗ ಏನೂ ಆಗಿಲ್ಲ."

ಬೈತಾರ, ಬೈಯಲಿ, ಬಡೀಲಿ ಅಂತ ಕಾಯಕೋತ ಕೂತಿದ್ದೆ.

"ಇದನ್ನ ಹೇಳಲಿಕ್ಕೆ ಪುಣೆದಿಂದ ಬಂದಿ?"

"ಹೌದ್ರಿ."

"ಮನಸು ಛೊಲೋ ಅದನೋ ನಿಂದು. ನನ್ನ ಸಮಾಧಾನಕ್ಕ ಎಂಥಾ ಕಥಿ ಕಟ್ಟಿಕೊಂಡ ಬಂದಿ."

"ಕಥಿ ಅಲ್ರಿ. ನನ್ನ ಮಕ್ಕಳ ಆಣಿ."

"ಮಕ್ಕಳ ಮ್ಯಾಲೆಲ್ಲಾ ಆಣಿ ಮಾಡಬ್ಯಾಡ. ಆತು, ಗುರುವಾರದ್ದು ನೀ ಮಾಡಿದಿ ಅಂತ ಇಟಗೊಳ್ಳೋಣು." ಸಣ್ಣ ಹುಡುಗಗ ತಿಳಿಸಿ ಹೇಳಿದಂಗ ಮುಂದ ಬಾಗಿದ್ರು. "ಸೋಮವಾರ ಯಾರ ಮಾಡಿದ್ರು? ನೀ ಕಾರಖಾನಿಯೊಳಗ ಇರತಿದ್ದಿ. ಶನಿವಾರ ಯಾರ ಮಾಡಿದ್ರು?"

"ಅದು ಅಂಜಿಕಿಯಿಂದ್ರಿ. ನಾ ಮಾಡಿದ್ದಕ್ಕ ನೀವು ಅಂಜಿದ್ರಿ, ಅದಕ್ಕ—"

"ಚಹಾ ಆರತದ, ಕುಡಿ" ಅಂದ್ರು. ಮುಂದ ಎಷ್ಟ ಹೇಳಿದ್ರೂ ನನ್ನ ಕೈ ಮ್ಯಾಲ ಕೈ ಇಟ್ಟು ಹೂಂ, ಹೂಂ ಅಂದ್ರು, ಜ್ವರ ಬಂದವರ ಮಾತಿಗೆ ಅಂದಂಗ. ಹೊಂಡೂ ಮುಂದ ಗಿಡದಾಗಿನ ಪೇರಲ ಕಟ್ಟಿ ಕೊಟ್ರು.

ಮರು ವರ್ಷ ಅವರ ತಮ್ಮನ ಫೋನ್ ಬಂತು. ಎದಿ ನೋವಂತ, ಒಂದ ತಾಸಿನಾಗ ಮುಗೀತಂತ. ಏನಾರ ಕೇಳಬೇಕಲ್ಲ ಅಂತ ಕೇಳಿದೆ, "ಮರವಿಂದು ಭಾಳ ಆಗಿತ್ತೇನ್ರಿ?"

"ಏನಿಲ್ರಿ. ಕಡೀ ದಿನದ ತನಕ ಒಂದೂ ಮರತಿಲ್ಲ. ನಾ ಡಬ್ಬಿ ಬಿಟ್ಟ ಹೋದ್ರ ಆಕೀನೇ ನೆನಪ ಮಾಡತಿದ್ಲು. ಆದ್ರ ದಿನಾ ಮುಂಜಾನೆ ಎದ್ದ ಕೂಡಲೇ ನಮ್ಮೆಲ್ಲಾರ ಹೆಸರ ಒಬ್ಬೊಬ್ಬರದು ಹೇಳಿಕೊಂಡ ನೋಡತಿದ್ಲು, ಇವತ್ತ ಇನ್ನೂ ಅದಾವೋ ಇಲ್ಲೋ ಅಂತ."

ಫೋನ್ ಇಟ್ಟೆ. ಅಡಗಿ ಮನ್ಯಾಗಿಂದ ಹೆಂಡತಿ, "ಯಾರದ್ರಿ?" ಅಂದ್ಲು. "ಬಾಯಾರು ಹ್ವಾದ್ರಂತ" ಅಂದೆ. ಆಕಿ ಅಲ್ಲೇ ನೆಲಕ್ಕ ಕೂತ್ಲು, ಭಾಳ ಹೊತ್ತ ಅತ್ಲು. ಪಾಪ, ತಾಯಿ ರೋಗ ಮಗಳಿಗೆ ಬಂತಲ್ಲಾ ಅಂದ್ಲು. ನಾ ಹೌದಂದೆ.

ಬೆಳಗಾವಿಯೊಳಗ ಆವತ್ತ ಯಾರ ಲಗ್ನನೂ ಇರಲಿಲ್ಲ ಅಂತ ಆಕಿಗೆ ಇನ್ನೂ ಗೊತ್ತಿಲ್ಲ. ನಾ ಬರದದ್ದನ್ನೆಲ್ಲಾ ಮೊದಲ ಓದೂದು ಆಕೀನೇ, ಇದನ್ನೂ ಆಕೀನೇ ಓದತಾಳ.