ಹೊಲದ ಮೂಲೆಯ ಕರಿಮಣ್ಣು

ಹಲಸಿ ಊರಿನ ದಾರಿಯಲ್ಲಿ ನಾನು ಕೊಂಡ ಹೊಲದ ಒಂದು ಮೂಲೆಯಲ್ಲಿ ಮನೆಗೆಂದು ಇಳಿಸಿದ್ದ ಪಾಯದ ಕಲ್ಲನ್ನು ಆಚೆ ತುದಿಗೆ ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ ನನಗೆ ಎರಡನೇ ಸಲ ಬಿತ್ತು. ವಡಗಾವಿಯಲ್ಲಿ ಸೀರೆ ಮಾರಿ ಮೇಲೆ ಬಂದವನು ನಾನು, ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವವನು. ಅವತ್ತು ಮಾತ್ರ ಕೇಳಿದಷ್ಟು ಕೊಟ್ಟೆ. ಕತ್ತಲಾಗುವ ಮೊದಲು ಕಲ್ಲು ಆ ಮೂಲೆ ಬಿಡಬೇಕಿತ್ತು. ಈಗ ನಮ್ಮ ಓಣಿಯಲ್ಲಿ ನಳದ ಪೈಪಿಗೆ ಅಗೆಯುತ್ತಿದ್ದಾರೆ. ಹಸಿ ಎರೆಮಣ್ಣಿನ ವಾಸನೆ ಅಂಗಡಿಯೊಳಗೆ ಬಂದು ಕೂತಿದೆ, ಅದಕ್ಕೇ ನೆನಪಾಯಿತು.

ಕೃಷಿ ಕಾಲೇಜಿನ ಮಕ್ಕಳು ಕೊನೆಯ ವರ್ಷ ಹಳ್ಳಿಯಲ್ಲೇ ಉಳಿದು ಕೆಲಸ ಕಲಿಯುತ್ತಾರೆ. ಗೋಡೆಯೊಳಗೆ ಪಾಠ ಹೇಳಿ ಸುಮ್ಮನಾಗದೆ ಕಾಲೇಜೇ ಹೊಲಕ್ಕೆ ಬರುವುದೆಂದರೆ, ಪುಕ್ಕಟೆ ಸಿಗುವ ಬುದ್ಧಿಯನ್ನು ನಾನು ಬಿಡುವವನಲ್ಲ. ಮಣ್ಣು ಪರೀಕ್ಷೆಗೆ ಕರೆದೆ. ಹೊಲದ ಹಲವು ಕಡೆ ಮಣ್ಣು ತೆಗೆದು ಒಂದೇ ಚೀಲದಲ್ಲಿ ಕಲಸುವುದು ಪದ್ಧತಿ. ಎಲ್ಲ ಕಡೆ ಕೆಂಪು ಮಣ್ಣೇ ಬಂತು. ಮನೆ ಏಳಬೇಕಿದ್ದ ಮೂಲೆಯಲ್ಲಿ ಸವಿತಾ ಎಂಬ ಹುಡುಗಿ ಮಣ್ಣು ತೆಗೆಯುವ ಕಬ್ಬಿಣದ ಕೊಳವೆ ಊರಿದಳು. ಒತ್ತಲೇ ಇಲ್ಲ, ಅದು ತಾನಾಗಿ ಇಳಿಯಿತು.

"ಕಾಕಾ, ಹಿಡೀರಿ! ಕೆಳಗಿಂದ ಯಾರೋ ಜಗ್ಗಿದಂಗ ಆಗಾಕತ್ತೈತಿ!"

ಇಬ್ಬರೂ ಸೇರಿ ಎಳೆದೆವು. ಬಂದದ್ದು ಕಪ್ಪು ಎರೆಮಣ್ಣು, ತಣ್ಣಗೆ ಕೊರೆಯುತ್ತಿತ್ತು. ಅವರ ಮೇಡಂ ಮೂಸಿ ನೋಡಿ, "ಇದನ್ನ ಚೀಲಕ್ಕ ಹಾಕಬ್ಯಾಡ. ಈ ಹೊಲದ್ದಲ್ಲ ಇದು, ಯಾರೋ ಹೊತ್ತು ತಂದು ಗುಂಡಿ ತುಂಬಿದ್ದು" ಎಂದರು.

ಹೊಲ ಮಾರಿದ ಗಂಗವ್ವ ಬದುವಿನ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು.

"ಆಯಿ, ಅಲ್ಲೊಂದು ಬಾವಿ ಇತ್ತೇನು?" ಎಂದೆ.

"ಇತ್ತು ಅಂತ ಯಾಕಂತಿ ತಮ್ಮಾ? ಐತಿ. ಮುಚ್ಚೀವಿ, ಅಷ್ಟ. ವರ್ಷಾ ಕುಸೀತೈತಿ, ವರ್ಷಾ ಒಂದು ಬುಟ್ಟಿ ಮಣ್ಣು ಹಾಕ್ತೀವಿ. ನನ್ನ ತವರಮನಿ ಮಣ್ಣು. ಈ ಹೊಲದ್ದು ಹಾಕಬಾರದು. ರುಚಿ ಹತ್ತಿದ್ರ ಹೊಲಾನ ಕೇಳತೈತಿ."

"ಮಾರೂವಾಗ ಹೇಳಬಾರದೇನು?"

"ನೀ ರೇಟ್ ಬಿಟ್ಟು ಬ್ಯಾರೆ ಏನರ ಕೇಳಿದ್ಯಾ?" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಈ ವರ್ಷ ಯಾರೂ ಹಾಕಿಲ್ಲ ನೋಡು" ಎಂದಳು.

ಮಕ್ಕಳೂ ನಕ್ಕರು, ಆದರೆ ನಗುತ್ತಲೇ ಹಿಂದೆ ಸರಿದರು. ಅಡುಗೆಮನೆ ಇಲ್ಲೇ ಇರಲೆಂದು ನನ್ನ ಹೆಂಡತಿ ಸುಣ್ಣದ ಗೆರೆ ಎಳೆದಿದ್ದಳು. ಬೆಳಿಗ್ಗೆ ನೇರವಾಗಿದ್ದ ಗೆರೆ ನಡುವೆ ಜೋತುಬಿದ್ದಿತ್ತು.

ಮೇಡಂ ಬೇಲಿ ಹಾಕಿಸಿ ಎಂದರು, ಗಂಗವ್ವ ತನ್ನ ತವರಿನ ಮಣ್ಣು ಒಂದು ಬುಟ್ಟಿ ಹಾಕಿಸು ಎಂದಳು. ಎರಡನ್ನೂ ಮಾಡಿದೆ. ಮನೆ ಆಚೆ ತುದಿಯಲ್ಲಿ ಎದ್ದಿದೆ. ಹೆಂಡತಿ ಅಲ್ಲಿಂದ ಫೋನ್ ಮಾಡಿದರೆ ಊಟವಾಯಿತೇ ಎಂದು ಕೇಳುವ ಮೊದಲು ನಾನು ಕೇಳುವುದು, ಬೇಲಿಯೊಳಗೆ ನೆಲ ಹೇಗಿದೆ ಎಂದು.

ನೀವು ಹೊಲ ಕೊಳ್ಳುವುದಿದ್ದರೆ ದರ ಆಮೇಲೆ ಇಳಿಸಿಕೊಳ್ಳಿ. ಮೊದಲು ಕಾಲೇಜಿನವರನ್ನು ಕರೆದು ಮೂಲೆ ಮೂಲೆಯ ಮಣ್ಣು ತೆಗೆಸಿ. ನಂತರ ಮಾರುವವರ ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತು, ಈ ನೆಲಕ್ಕೆ ವರ್ಷಕ್ಕೊಮ್ಮೆ ಏನು ಕೊಡುತ್ತಿದ್ದಿರಿ ಎಂದು ಕೇಳಿ. ಉತ್ತರ ಹೇಳುವ ಮೊದಲು ಆಕೆಯ ಕಣ್ಣು ಯಾವ ಕಡೆ ಹೋಗುತ್ತದೋ, ಆ ಕಡೆ ಕಲ್ಲು ಇಳಿಸಬೇಡಿ.