ಲೋಟದೊಳಗಿನ ಕಡ್ಡಿ

ಅತ್ತೆಗೆ ನಾವು ಹೇಳಿದ್ದು, ಬಬಲೇಶ್ವರದ ನನ್ನ ತವರಿಗೆ ಹೋಗಿ ಬರುತ್ತೇವೆಂದು. ಹೋದದ್ದು ಬಿಜಾಪುರದ ದವಾಖಾನೆಗೆ. ತಿಕೋಟಾದಿಂದ ಹೊರಟ ಬಸ್ಸಿನಲ್ಲಿ ನನ್ನ ನೆಗೆಣ್ಣಿ, ಭಾವನ ಹೆಂಡತಿ, ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅಂಥವಳನ್ನು ಜೊತೆಗೆ ಕರೆದುಕೊಂಡು ನಾನು ಬಸಿರು ತೆಗೆಸಲು ಹೊರಟಿದ್ದೆ. ದಾರಿಯುದ್ದಕ್ಕೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅದು ಎಪ್ಪತ್ತರ ದಶಕ. ಬಸಿರು ತೆಗೆಸಲು ಕಾಯ್ದೆ ಒಪ್ಪಿಗೆ ಕೊಟ್ಟು ಬಹಳ ಕಾಲವಾಗಿರಲಿಲ್ಲ. ಹೊಟ್ಟೆ ಕೊಯ್ದು ತೆಗೆದ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಇಷ್ಟು ಬೇಗ ಇನ್ನೊಂದಾದರೆ ಹೊಲಿಗೆ ತಡೆಯಲಿಕ್ಕಿಲ್ಲ ಎಂದು ಆ ದವಾಖಾನೆಯ ಡಾಕ್ಟರ್‌ಬಾಯಿ ಹೆದರಿಸಿದ್ದರು. ಗಂಡನೂ ಒಪ್ಪಿದ್ದ. ಆದರೂ ನೆಗೆಣ್ಣಿಯ ಪಕ್ಕದಲ್ಲಿ ನಾನು ಕಳ್ಳಿಯ ಹಾಗೆ ಕೂತಿದ್ದೆ.

ಡಾಕ್ಟರ್‌ಬಾಯಿ ಪರೀಕ್ಷಿಸಿ, ಗರ್ಭದ ಬಾಯಿ ಗಟ್ಟಿಯಾಗಿದೆ, ಒಮ್ಮೆಲೇ ಹಿಗ್ಗಿಸಿದರೆ ಹರಿದೀತು, ಮೊದಲು ಮೆತ್ತಗೆ ಮಾಡಬೇಕು ಎಂದರು. ನುಂಗುವ ಗುಳಿಗೆ ಇಲ್ಲವೇ ಎಂದು ಕೇಳಿದೆ. ದೊಡ್ಡ ಊರುಗಳಲ್ಲಿ ಹೊಸ ಔಷಧವೊಂದನ್ನು ಪರೀಕ್ಷಿಸುತ್ತಿದ್ದಾರಂತೆ. ನುಂಗಿದರೂ, ಸೂಜಿ ಚುಚ್ಚಿದರೂ ಅದು ಮೈಯೆಲ್ಲ ಸುತ್ತಿ ವಾಂತಿ ಭೇದಿ ಹಚ್ಚುತ್ತದಂತೆ. ಕೆಳಗೆ, ಗರ್ಭದ ಬಾಯಿಯ ಹತ್ತಿರವೇ ಇಟ್ಟರೆ ಕಾಟ ಕಡಿಮೆ, ಆದರೆ ನಮ್ಮ ಕಡೆಗೆ ಅದಿನ್ನೂ ಬಂದಿಲ್ಲ ಎಂದು ಬಿಡಿಸಿ ಹೇಳಿದರು.

"ನಮ್ಮ ಹಂತ್ಯಾಕ ಇರೂದು ಕಡ್ಡಿ. ಇವತ್ತ ಕಡ್ಡಿ ಇಡ್ತೇನ್ರಿ, ನಾಳೆ ಮುಂಜಾನಿಗೆ ಬಾಯಿ ತಾನ ಬಿಡ್ತದ."

ನೆಗೆಣ್ಣಿ ಧಡಕ್ಕನೆ ಎದ್ದಳು. ಮಗುವನ್ನು ಕಂಕುಳಿಗೇರಿಸಿ ನನ್ನ ರಟ್ಟೆ ಹಿಡಿದಳು.

"ಏಳ ಬೇ. ಕಡ್ಡಿ ಇಡಿಸ್ಕೊಳ್ಳಾಕ ಬಿಜಾಪುರಕ್ಕ ಯಾಕ ಬರಬೇಕಿತ್ತು? ಮಗ್ಗಲ ಊರು ಘೋಣಸಗ್ಯಾಗ ಮುದುಕಿ ಇದ್ದಳಲ್ಲ."

ನಮ್ಮ ಹಳ್ಳಿಗಳಲ್ಲಿ ಕಡ್ಡಿ ಇಡುವುದೆಂದರೆ ಬಸಿರು ಕೆಡವಲು ಕದ್ದುಮುಚ್ಚಿ ಎಕ್ಕೆಯ ಕಡ್ಡಿ ತುರುಕುವುದು. ನಂಜೇರಿ ಸತ್ತವರ ಸುದ್ದಿ ಎಲ್ಲರಿಗೂ ಗೊತ್ತು. ಡಾಕ್ಟರ್‌ಬಾಯಿಗೆ ಆ ಅರ್ಥ ಹೊಳೆದೇ ಇರಲಿಲ್ಲ. ಅವರು ಸಿಟ್ಟಾಗದೆ, ಒಣಗಿದ ಕಡಲ ಪಾಚಿಯ ತೆಳ್ಳನೆಯ ಕಡ್ಡಿಯೊಂದನ್ನು ನೀರಿನ ಲೋಟಕ್ಕೆ ಹಾಕಿ ಅವಳ ಮುಂದಿಟ್ಟರು. ಇದರಲ್ಲಿ ವಿಷವಿಲ್ಲ, ನೀರು ಕುಡಿದು ನಿಧಾನ ಉಬ್ಬುತ್ತದೆ ಅಷ್ಟೇ, ಕೂತು ನೋಡು ಎಂದರು.

ಅವಳು ನಿಜಕ್ಕೂ ಕೂತು ನೋಡಿದಳು, ಮಗನ ಕೈಗೆ ಲೋಟ ಸಿಗದಂತೆ ಸರಿಸುತ್ತ. ಸಂಜೆಯ ಹೊತ್ತಿಗೆ ಕಡ್ಡಿ ನೆನೆಹಾಕಿದ ಕಡಲೆಯಂತೆ ಉಬ್ಬಿತ್ತು. ಬೆರಳಿಂದ ಒತ್ತಿ ನೋಡಿದಳು.

"ನನಗ ಇಟ್ಟಿದ್ದು ಎಕ್ಕಿ ಕಡ್ಡಿ," ಎಂದಳು.

ನಮ್ಮ ಮನೆ ತುಂಬಿದ ಹೊಸದರಲ್ಲೇ ಅವಳು ಬಸಿರಾಗಿದ್ದಳಂತೆ. ಆಗಲೇ ಅತ್ತೆಯೂ ಬಸಿರು. ಅತ್ತೆ ಸೊಸೆ ಕೂಡಿಯೇ ಹಡೆದರೆ ಊರು ನಗುತ್ತದೆಂದು ಅತ್ತೆಯೇ ಆ ಮುದುಕಿಯನ್ನು ಕರೆಸಿದ್ದರಂತೆ. ಇವಳು ಜ್ವರದಲ್ಲಿ ಬೆಂದು ಹೇಗೋ ಉಳಿದಳು. ಆಮೇಲೆ ಬಸಿರು ನಿಲ್ಲಲೇ ಇಲ್ಲ.

"ಅತ್ತಿ ಹಡದ್ಲು," ಎಂದಳು. "ನಿನ್ನ ಗಂಡನ್ನ."

ಮಗ ಹೊಟ್ಟೆಯಲ್ಲಿದ್ದಾಗ ಆದ ನನ್ನ ಕುಬುಸದ ದಿನ ನೆನಪಾಯಿತು. ಬಸುರಿಯ ಉಡಿ ತುಂಬಲು ಬಂಜೆ ಬರಬಾರದೆಂದು ಇದೇ ಅತ್ತೆ ಇವಳನ್ನು ತಡೆದಿದ್ದರು. ನಾನು ತುಟಿ ಬಿಚ್ಚದೆ, ಉಳಿದವರ ಮುಂದೆ ಸೆರಗು ಒಡ್ಡಿಕೊಂಡು ಕೂತಿದ್ದೆ. ಈಗ ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

"ಇಡಿಸ್ಕೊ," ಎಂದಳು. "ಇದು ಬ್ಯಾರೆ ಕಡ್ಡಿ."

ಮರುದಿನ ಎಲ್ಲ ಸುಸೂತ್ರವಾಗಿ ಮುಗಿಯಿತು. ಊರಿಗೆ ಮರಳಿದಾಗ ತಿಕೋಟಾದ ಬಸ್‌ ನಿಲ್ದಾಣದಲ್ಲಿ ಗಂಡ ಕಾಯುತ್ತಿದ್ದ. ವೈನಿ ದಣಿದಿದ್ದಾರೆಂದು ನೆಗೆಣ್ಣಿಯ ಕೈಯಿಂದ ಮಗನನ್ನು ಇಸಿದುಕೊಂಡ. ಗಂಡನ ಅಂಗಿಯ ಗುಂಡಿ ಒಂದು ಕಾಜಿನ ಬದಲು ಇನ್ನೊಂದಕ್ಕೆ ಸಿಕ್ಕಿತ್ತು. ಅವನು ಸಣ್ಣವನಿದ್ದಾಗಿನಿಂದ ಮಾಡಿದ ರೂಢಿಯಲ್ಲೇ ಅವಳು ಬೈಯುತ್ತ ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಅವನು ಹುಟ್ಟಿದ್ದಕ್ಕೆ ಅವಳು ಏನು ತೆತ್ತಳೆಂದು ನಾನು ಅವನಿಗೆ ಇಂದಿಗೂ ಹೇಳಿಲ್ಲ.