ಮೈಲೂರಿನಲ್ಲಿ ಹಾಡಿದ್ದು, ಔರಾದಿನಲ್ಲಿ ಕೇಳಿದ್ದು

ಹಾಡಿನಿಂದ ಕಾಯಿಲೆ ವಾಸಿಯಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಈ ರಾಗ ಕೇಳಿದರೆ ಬಿಪಿ ಇಳಿಯುತ್ತದೆ, ಆ ರಾಗ ಕೇಳಿದರೆ ನಿದ್ದೆ ಬರುತ್ತದೆ ಎಂದು ಬೆಳಗಾದರೆ ವಾಟ್ಸಾಪಿನಲ್ಲಿ ಕಳಿಸುವ ಹಳೆಯ ಸಹೋದ್ಯೋಗಿಗಳಿಗೆ, ಹಾಗಾದರೆ ನೀವ್ಯಾಕೆ ಇನ್ನೂ ಗುಳಿಗೆ ನುಂಗುತ್ತೀರಿ ಎಂದು ಕೇಳಿ ಮನಸ್ತಾಪ ಕಟ್ಟಿಕೊಂಡಿದ್ದೇನೆ. ಬೀದರಿನ ಶಾಲೆಯೊಂದರಲ್ಲಿ ಜೀವಮಾನವೆಲ್ಲ ಗಣಿತ ಹೇಳಿದವಳು ನಾನು. ಲೆಕ್ಕದ ಹಂತಗಳನ್ನು ತೋರಿಸದೆ ಬರೀ ಉತ್ತರ ಬರೆದ ಮಕ್ಕಳಿಗೆ ಅಂಕ ಕೊಟ್ಟವಳಲ್ಲ. ಈಗ ನಾನೇ ಹಂತಗಳಿಲ್ಲದ ಒಂದು ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಂಬಿ ಎಂದು ಒತ್ತಾಯ ಮಾಡುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನಾನು ನಿವೃತ್ತಳಾದ ಮರುವರ್ಷ ನನ್ನ ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಭಾಲ್ಕಿಯಲ್ಲಿ ಅವಳ ಮಗ, ಸೊಸೆ ಇಬ್ಬರೂ ನೌಕರಿಗೆ ಹೋಗುವವರು, ಹಗಲು ನೋಡಿಕೊಳ್ಳುವವರಿಲ್ಲ. ನಾನು ಒಬ್ಬಳೇ ಇರುವವಳು, ಬೀದರಿನ ಮೈಲೂರು ಬಡಾವಣೆಯ ನನ್ನ ಮನೆಗೆ ಕರೆತಂದೆ. ಅಕ್ಕ ಭಾರೀ ಮಾತಿನ ಹೆಂಗಸು. ಬಸ್ಸಿನಲ್ಲಿ ಪಕ್ಕ ಕೂತವರ ಮನೆತನದ ಚರಿತ್ರೆಯನ್ನು ಭಾಲ್ಕಿಯಿಂದ ಬೀದರ ಮುಟ್ಟುವುದರೊಳಗೆ ತಿಳಿದುಕೊಳ್ಳುತ್ತಿದ್ದಳು, ತನ್ನದನ್ನೂ ಹೇಳಿ ಮುಗಿಸುತ್ತಿದ್ದಳು. ಅಂಥವಳು ಗೋಡೆ ನೋಡುತ್ತ ಮಲಗಿಬಿಟ್ಟಳು. ಅವಳಿಗೆ ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ ಎಂದರು ಡಾಕ್ಟರು. ನಾನು ಬೇಡಿದ್ದು ಹೆಚ್ಚೇನಲ್ಲ. ನನ್ನನ್ನು ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಸಾಕಾಗಿತ್ತು.

ಹಾಡಿನ ವಿಷಯ ತೆಗೆದವರೂ ಆ ಡಾಕ್ಟರೇ. ಮೆದುಳಿನಲ್ಲಿ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ, ಮಾತು ಹೋದ ಕೆಲವರು ಹಾಡುವುದುಂಟು, ಹಾಡಿನ ಬೆನ್ನು ಹಿಡಿದು ಮಾತು ಮರಳಿದ್ದೂ ಉಂಟು ಎಂದರು. ಊರಂಚಿನ ನೌಬಾದಿನ ಒಂದು ಸಭಾಭವನದಲ್ಲಿ ಭಾನುವಾರ ಇಂಥ ರೋಗಿಗಳ ಮನೆಯವರಿಗೆ ಹಾಡು, ಚಿತ್ರ ಕಲಿಸುತ್ತಾರೆ, ಹೋಗಿ ನೋಡಿ ಎಂದರು. ವಾಟ್ಸಾಪಿನವರ ಮಾತಾಗಿದ್ದರೆ ತಳ್ಳಿಹಾಕುತ್ತಿದ್ದೆ. ಡಾಕ್ಟರರ ಬಾಯಿಂದ ಬಂದದ್ದಕ್ಕೆ ಗೊಣಗುತ್ತಲೇ ಹೋದೆ.

ಅಲ್ಲಿ ಕಲಿಸುತ್ತಿದ್ದ ಮೇಡಂ ಇನ್ನೂ ಸಣ್ಣ ವಯಸ್ಸಿನವರು. ರೋಗಿ ಚಿಕ್ಕಂದಿನಲ್ಲಿ ಇಷ್ಟಪಟ್ಟ ಒಂದೇ ಹಾಡನ್ನು ದಿನಾಲೂ ಒಂದೇ ಹೊತ್ತಿಗೆ ಹಾಡಬೇಕು, ಹಾಡುವಾಗ ಅವರ ಎಡಗೈಯನ್ನು ಹಿಡಿದು ತಾಳ ತಟ್ಟಬೇಕು, ಎಡಗೈಗೆ ಬಣ್ಣದ ಕಡ್ಡಿ ಕೊಟ್ಟು ಗೀಚಿಸಬೇಕು, ಇಷ್ಟೇ ಅವರ ಪಾಠ. ಬಂದವರೆಲ್ಲ ಸರದಿಯಂತೆ ತಮ್ಮ ತಮ್ಮ ಹಾಡು ಹೇಳಿ ತೋರಿಸಿದರು. ನನ್ನ ಸರದಿ ಬಂದಾಗ ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡೆ. ನಾಲ್ಕು ಜನರ ಮುಂದೆ ಹಾಡುವ ಧೈರ್ಯ ನನಗೆ ಯಾವತ್ತೂ ಇಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ನನ್ನ ಹಾಡನ್ನು ಅಲ್ಲಿ ಯಾರೂ ಕೇಳಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತವರು ಬಸ್ಸಿನಲ್ಲಿ ತಾಸಿಗೂ ಮೀರಿದ ದಾರಿಯ ಔರಾದಿನ ವಿಜಯಕುಮಾರ, ಅಲ್ಲಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವವರು. ಅವರ ತಾಯಿ ಕಾಶಿಬಾಯಿಗೂ ಅಕ್ಕನಂತೆಯೇ ಆಗಿ, ಅಕ್ಕನಿಗಿಂತ ಹೆಚ್ಚು ಕಾಲ ಕಳೆದಿತ್ತು. "ನಮ್ಮ ಮನ್ಯಾಗ ಮರಾಠಿನೇ ರಿ ಬಾಯೋರ. ಅವ್ವಗ ಬುದ್ಧವಂದನಾ ಅಂದ್ರ ಜೀವ. ದಿನಾ ಮೊಬೈಲಿನಾಗ ಹಚ್ಚಿ ಕೇಳಸ್ತೀನಿ, ಕಣ್ಣು ಸೈತ ಮಿಟಕಸಲ್ಲ ನೋಡ್ರಿ," ಎಂದರು. ಇಬ್ಬರೂ ನಂಬರು ಕೊಟ್ಟುಕೊಂಡೆವು. ಅವರ ತಾಯಿಯನ್ನು ನಾನು ನೋಡಿರಲಿಲ್ಲ, ಅಕ್ಕನನ್ನು ಅವರು ನೋಡಿರಲಿಲ್ಲ. ಹಾಸಿಗೆ ಹಿಡಿದವರನ್ನು ಅಷ್ಟು ದೂರ ಯಾರು ಒಯ್ಯುತ್ತಾರೆ?

ನಾನು ಆರಿಸಿಕೊಂಡದ್ದು ಒಂದು ಬುಲಾಯಿ ಪದ. ದೀಪಾವಳಿಯ ಹೊತ್ತಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತ ಹೇಳುವ ಹಾಡು. ಭಾಲ್ಕಿಯ ಹತ್ತಿರ ನಮ್ಮ ತವರಿನ ಊರಿನಲ್ಲಿ ಅಕ್ಕನೇ ಮುಂದೆ ನಿಂತು ಪದ ಎತ್ತುತ್ತಿದ್ದಳು, ನಾವು ಚಿಕ್ಕವರು ಹಿಂದೆ ಸೊಲ್ಲು ಕೂಡಿಸುತ್ತಿದ್ದೆವು. ಆದರೆ ನೆನಪಿನಲ್ಲಿ ಉಳಿದದ್ದು ಅರ್ಧ. ಮರೆತ ಕಡೆ ನಾನೇ ಸಾಲು ಕಟ್ಟಿ ತುಂಬಿದೆ. ಚಿಕ್ಕವಳಿದ್ದಾಗ ಅಕ್ಕ ಬಾವಿಯ ಕಟ್ಟೆಯ ಮೇಲೆ ಕುಣಿಯಲು ಹೋಗಿ ಕಾಲಿನ ಪೈಜಣ ಬಾವಿಗೆ ಬೀಳಿಸಿದ್ದಳು. ಮನೆಗೆ ಬಂದು ಎಮ್ಮೆ ಹಾಯ್ದು ಬಿತ್ತು ಎಂದು ಸುಳ್ಳು ಹೇಳಿದಳು, ಪಾಪದ ಎಮ್ಮೆಗೆ ಎರಡು ಏಟು ಬಿದ್ದವು. ಈ ಸಂಗತಿ ಗೊತ್ತಿದ್ದವರು ನಾವಿಬ್ಬರೇ. ಅವಳು ನಗಲಿ ಎಂದು ಅದನ್ನೇ ಪದಕ್ಕೆ ಸೇರಿಸಿದೆ: "ಅಕ್ಕನ ಪೈಜಣ ಬಾವ್ಯಾಗ ಬಿತ್ತ, ಎಮ್ಮಿಯ ಮ್ಯಾಲ ತಪ್ಪ ಬಂತ."

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಮುಂದಕ್ಕೆ ಮಾಡಿಕೊಂಡು, ಅವಳ ಎಡಗೈ ಹಿಡಿದು ತಾಳ ತಟ್ಟುತ್ತ ದಿನಾಲೂ ಹಾಡಿದೆ. ಮಳೆಗಾಲ ಹೋಗಿ ಚಳಿ ಬಂತು. ಅಕ್ಕ ನಗಲಿಲ್ಲ, ತುಟಿ ಅಲುಗಿಸಲಿಲ್ಲ. ಬಣ್ಣದ ಕಡ್ಡಿ ಕೊಟ್ಟರೆ ಹಾಳೆಯ ಮೇಲೆ ಒಂದೇ ಅಡ್ಡಗೆರೆ ಎಳೆದು ಕೈ ಬಿಡುತ್ತಿದ್ದಳು. ನೋಡಲು ಬಂದ ನೆಂಟರು ಇನ್ನೂ ಭಕ್ತಿಯಿಂದ ಹಾಡಬೇಕು ಎಂದು ನನಗೇ ಉಪದೇಶ ಮಾಡಿ, ಚಹಾ ಕುಡಿದು ಹೋದರು. ಅವರ ಮೇಲೆ ಸಿಟ್ಟು, ಡಾಕ್ಟರರ ಮೇಲೆ ಸಿಟ್ಟು, ಆ ಮೇಡಂ ಮೇಲೂ ಸಿಟ್ಟು. ಒಮ್ಮೊಮ್ಮೆ ಅಕ್ಕನ ಮೇಲೂ ಬರುತ್ತಿತ್ತು. ಬೇಕೆಂದೇ ಬಾಯಿ ಬಿಗಿ ಹಿಡಿದಿದ್ದಾಳೇನೋ ಅನ್ನಿಸುತ್ತಿತ್ತು.

ಒಂದು ಸಂಜೆ ಆ ಪೈಜಣದ ಸಾಲಿಗೆ ಬಂದಾಗ ನನ್ನ ತಾಳ್ಮೆ ಕಿತ್ತುಹೋಯಿತು. "ಒಂದು ಮಾತರ ಆಡೇ ಯವ್ವ! ಬೈಯರ ಬೈ!" ಎಂದು ಕೂಗಿ ಹಾಡನ್ನು ಅರ್ಧಕ್ಕೇ ಬಿಟ್ಟು ಅಡುಗೆಮನೆಗೆ ಹೋದೆ. ಅನ್ನಕ್ಕೆ ಇಟ್ಟ ನೀರು ಕುದಿಯುವ ಮೊದಲೇ ಫೋನು ಬಂತು. ವಿಜಯಕುಮಾರ.

"ಬಾಯೋರ, ಅವ್ವ ಹಾಡಿದಳ್ರಿ!" ಎಂದು ಕೂಗಿದರು. "ಈಗರ ಹಾಡಿದಳ್ರಿ. ಕನ್ನಡದಾಗ ಹಾಡ್ಲಕತ್ತಾಳ. ಏನೋ ಪೈಜಣ ಅಂತಾಳ, ಬಾವಿ ಅಂತಾಳ. ಒಮ್ಮಿಗೇ ನಿಲ್ಲಸಿದಳು, ಮತ್ತ ಸುರು ಮಾಡ್ಯಾಳ. ತಡೀರಿ, ಕೇಳಸ್ತೀನಿ."

ಫೋನನ್ನು ತಾಯಿಯ ಹತ್ತಿರ ಒಯ್ದರೆಂದು ಕಾಣುತ್ತದೆ. ಒಡಕು ದನಿಯಲ್ಲಿ, ನನ್ನದೇ ಧಾಟಿಯಲ್ಲಿ, ಒಬ್ಬ ಮುದುಕಿ ಹಾಡುವುದು ಕೇಳಿಸಿತು. "ಅಕ್ಕನ ಪೈಜಣ ಬಾವ್ಯಾಗ ಬಿತ್ತ, ಆಡಿನ ಮ್ಯಾಲ ತಪ್ಪ ಬಂತ."

ಎಮ್ಮೆ ಅಲ್ಲ, ಆಡು. ನಾನು ಗ್ಯಾಸ್ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ. ಈ ಹಾಡು ಯಾರು ಕಲಿಸಿದರು ಎಂದು ಕೇಳಿದೆ. ಯಾರೂ ಕಲಿಸಿಲ್ಲ, ಇಂಥದ್ದು ನಮ್ಮ ಮನೆಯಲ್ಲಿ ಯಾರೂ ಹಾಡುವುದಿಲ್ಲ ಎಂದರು. ಹಾಡು ನನ್ನದು ಎಂದು ಆಗ ಹೇಳದೆ ಫೋನು ಇಟ್ಟೆ.

ಅಕ್ಕನ ಹತ್ತಿರ ಹೋಗಿ ಮುಖಕ್ಕೆ ಮುಖ ಇಟ್ಟು ಕೇಳಿದೆ, "ಅಕ್ಕಾ, ಅವತ್ತು ಯಾರ ಮ್ಯಾಲ ಹಾಕಿದ್ದಿ? ಎಮ್ಮಿ ಮ್ಯಾಲೋ, ಆಡಿನ ಮ್ಯಾಲೋ?" ನಾನಾಗ ತೀರ ಸಣ್ಣವಳು, ನನ್ನ ನೆನಪೇ ತಪ್ಪಿರಬಹುದು. ಅವಳ ತುಟಿಯ ಎಡ ಮೂಲೆ ಸ್ವಲ್ಪ ಅಲುಗಿತು. ನಕ್ಕಳೋ, ಉಗುಳು ನುಂಗಿದಳೋ, ದೇವರಾಣೆಗೂ ನನಗೆ ಗೊತ್ತಾಗಲಿಲ್ಲ. ಮತ್ತೆ ಮತ್ತೆ ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಮರುದಿನ ಭಾಲ್ಕಿಯಿಂದ ಅಕ್ಕನ ಸೊಸೆಯನ್ನು ಕರೆಸಿ ಕೂರಿಸಿ, ಔರಾದಿನ ಬಸ್ಸು ಹತ್ತಿದೆ. ಮೋಸ ಎಲ್ಲಿದೆ ಎಂದು ಹುಡುಕಿಯೇ ತೀರುತ್ತೇನೆ ಎಂದು ಹೊರಟವಳು ನಾನು. ಕಾಶಿಬಾಯಿ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ಗುರುತಿಲ್ಲದವರ ಹಾಗೆ ನೋಡಿದರು. ಎಡಗೈಯಿಂದ ಮಂಚದ ಪಟ್ಟಿ ತಟ್ಟುತ್ತ ಮತ್ತೆ ಅದೇ ಸಾಲು, ಅದೇ ಆಡು. ನಡುವೆ ತಮ್ಮ ಸೊಸೆಯನ್ನು ನೋಡಿ "ಪಾಣಿ" ಎಂದರು. ನೀರು ಬೇಕು ಎಂದು ಅವರು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲಂತೆ. ಸೊಸೆ ಅಳುತ್ತ ನಗುತ್ತ ನೀರು ತರಲು ಓಡಿದಳು. ನಮ್ಮ ಮನೆಯ ಹಾಡು ಕೇಳಿದವರು ಯಾರಾದರೂ ಇಲ್ಲಿಗೆ ಬಂದಿದ್ದರೇ, ಹುಡುಗಿಯಾಗಿದ್ದಾಗ ಇವರು ನಮ್ಮ ಊರ ಕಡೆ ಇದ್ದರೇ ಎಂದು ಸುತ್ತಿ ಸುತ್ತಿ ಕೇಳಿದೆ. ಇಲ್ಲ, ಇಲ್ಲ. ವಿಜಯಕುಮಾರ ಬಲವಂತವಾಗಿ ಊಟ ಮಾಡಿಸಿ, ಕೈಮುಗಿದು ಬಸ್ಸಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಅದೇ ಲೆಕ್ಕ ಹಾಕುತ್ತ ಬಂದೆ. ಹಾಡು ನನ್ನದು, ಗಂಟಲು ನನ್ನದು, ಕಾದು ಕೂತವಳು ನಾನು, ಮಾತು ಬಂದದ್ದು ಮಾತ್ರ ಇನ್ನೊಬ್ಬರ ತಾಯಿಗೆ. ಒಬ್ಬ ಮುದುಕಿ ನೀರು ಕೇಳಿದ್ದಕ್ಕೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಬಂದಿದ್ದೆ, ನೋಡಿ.

ಗಣಿತದವಳು ಸುಮ್ಮನಿರುತ್ತೇನೆಯೇ, ಪರೀಕ್ಷೆ ಮಾಡಿದೆ. ಸಾಲು ಬದಲಿಸಿ, ಪೈಜಣ ತೆಗೆದು ಬುಗುಡಿ ಹಾಕಿ ಹಾಡಿದೆ, ಆ ಹೊತ್ತಿಗೆ ಸರಿಯಾಗಿ ವಿಜಯಕುಮಾರರಿಗೆ ಫೋನು ಮಾಡಿ ಅವ್ವ ಏನೆನ್ನುತ್ತಿದ್ದಾರೆ ಎಂದು ಕೇಳಿದೆ. ಏನೂ ಇಲ್ಲ, ಟಿವಿ ನೋಡುತ್ತಿದ್ದಾಳೆ ಎಂದರು. ಕೆಲವು ದಿನ ಹಾಡು ನಿಲ್ಲಿಸಿ ನೋಡಿದೆ. ಕಾಶಿಬಾಯಿಯ ಮಾತು ಕುಗ್ಗಲಿಲ್ಲ, ಬೆಳೆಯುತ್ತಲೇ ಹೋಯಿತು. ಆ ಒಂದು ಸಂಜೆ ನಡೆದದ್ದು ಮತ್ತೆ ನಡೆಯಲಿಲ್ಲ. ಡಾಕ್ಟರಿಗೆ ಹೇಳಿದರೆ, ಕೇಳಿದ ಹಾಡು ಎಷ್ಟೋ ವರ್ಷ ತಲೆಯಲ್ಲಿ ಅಡಗಿರುತ್ತದೆ, ನಿಮ್ಮ ಅಕ್ಕ ಎಲ್ಲೋ ಹಾಡಿದ್ದು ಅವರ ಕಿವಿಗೆ ಬಿದ್ದಿರಬೇಕು ಎಂದರು. ನಾನು ಮೊನ್ನೆ ಮಳೆಗಾಲದಲ್ಲಿ ಕಟ್ಟಿದ ಸಾಲು ಎಷ್ಟೋ ವರ್ಷದ ಹಿಂದೆ ಹೇಗೆ ಕಿವಿಗೆ ಬೀಳುತ್ತದೆ ಎಂದರೆ ಮುಗುಳ್ನಕ್ಕು ಮುಂದಿನ ರೋಗಿಯನ್ನು ಕರೆದರು. ಆ ಮುಗುಳ್ನಗೆ ನನಗೆ ಚೆನ್ನಾಗಿ ಗೊತ್ತು. ನಾನೂ ಎಷ್ಟೋ ಜನರಿಗೆ ಅದನ್ನೇ ತೋರಿಸಿದವಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಅಕ್ಕ ಹೋದಳು. ಒಂದು ಮಾತೂ ಆಡದೆ ಹೋದಳು. ಭಾಲ್ಕಿಯಲ್ಲಿ ಮಣ್ಣು ಮಾಡಿ ಬಂದೆ. ನನಗೆ ಅಳು ಬರಲಿಲ್ಲ, ಬರೀ ಸಿಟ್ಟು. ಜನ ಬಂದು ಸಮಾಧಾನ ಹೇಳಿದರೆ ಇವರು ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಿದ್ದೆ.

ಹಾಗೆ ಬಂದವರಲ್ಲಿ ವಿಜಯಕುಮಾರರೂ ಇದ್ದರು, ತಾಯಿಯನ್ನು ಕರೆದುಕೊಂಡು. ಕಾಶಿಬಾಯಿ ಕೋಲು ಊರಿಕೊಂಡು ನಡೆದು ಬಂದರು. ಕೂತವರೇ ಮಾತಿಗೆ ಶುರುಮಾಡಿದರು. ಬಸ್ಸಿನಲ್ಲಿ ಎಷ್ಟು ಗದ್ದಲ, ಸೊಸೆಯ ಕೈಯ ರೊಟ್ಟಿ ಎಷ್ಟು ದಪ್ಪ, ಮೊಮ್ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಒಂದೇ ಸಮನೆ. ಆ ದನಿ ನನಗೆ ತಡೆಯಲಾಗಲಿಲ್ಲ. ಅದನ್ನು ನಿಲ್ಲಿಸಲಿಕ್ಕೋ, ಇನ್ನೇನಕ್ಕೋ, ನಡುವೆ ಬಾಯಿ ಹಾಕಿದೆ. "ಯವ್ವಾ, ಆ ಪೈಜಣದ ಪದ ಒಂದು ಸಲ ಹೇಳ್ರಿ."

"ಯಾವ ಪದ ನಮ್ಮವ್ವಾ?" ಎಂದರು. "ನಂಗ ಕನ್ನಡ ಪದ ಒಂದೂ ಬರಲ್ಲ."

ಮಗನ ಮುಖ ನೋಡಿದೆ. ಅವರು ತಲೆ ತಗ್ಗಿಸಿ, ಮಾತು ಪೂರ್ತಿ ಬಂದ ಮೇಲೆ ಅವ್ವ ಅದನ್ನು ಮರೆತೇಬಿಟ್ಟಿದ್ದಾಳೆ, ತಾವು ಎಷ್ಟು ಸಲ ನೆನಪು ಮಾಡಿಕೊಟ್ಟರೂ ಇಲ್ಲ ಎನ್ನುತ್ತಾಳೆ ಎಂದರು. ನನಗೆ ಏನಾಯಿತೋ ತಿಳಿಯದು. ಮನೆ ತುಂಬ ಜನ ಕೂತಿದ್ದರು. ಅವರೆಲ್ಲರ ಮುಂದೆ, ಜೀವಮಾನದಲ್ಲಿ ಮೊದಲ ಸಲ, ನಾನು ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದೆ. ಕಾಶಿಬಾಯಿ ಹೊಸದನ್ನು ಕೇಳುವವರ ಹಾಗೆ ಕಿವಿಗೊಟ್ಟು ಕೇಳಿದರು.

"ಛಲೋ ಅದ," ಎಂದರು. "ಯಾರು ಕಲಿಸ್ಯಾರವ್ವ ನಿಂಗ?"

"ನಮ್ಮಕ್ಕ," ಎಂದೆ. ಅಷ್ಟು ಹೇಳುವುದರಲ್ಲಿ ತಡೆದು ತಡೆದು ಇಟ್ಟ ಅಳುವೆಲ್ಲ ಒಮ್ಮೆಗೇ ನುಗ್ಗಿತು. ಕಾಶಿಬಾಯಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಬೆನ್ನು ಸವರುತ್ತ, ಸೊಸೆಯ ರೊಟ್ಟಿಯ ಮಾತನ್ನು ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡರು. ಸಾಕು ನಿಲ್ಲಿಸಿ ಎನ್ನಬೇಕೆಂದು ಬಾಯಿಯವರೆಗೆ ಬಂದಿತ್ತು. ಎನ್ನಲಿಲ್ಲ. ಅವರು ಮಾತಾಡುತ್ತಲೇ ಇದ್ದರು, ನಾನು ಕೇಳುತ್ತಲೇ ಇದ್ದೆ.